ಸಾವಿನ ಮನೆಗೆ ನೀರಿನ ಸರದಿ ಇಲ್ಲ

ಎರಡು ಮೂರು ತಿಂಗಳ ಹಿಂದಿನ ಒಂದು ದಿನ. ಇನ್ನೂ ಬೆಳಕು ಹರಿದಿಲ್ಲ. ಹೊನ್ನಜ್ಜನಕೊಪ್ಪಲಿನ ಮೇಲಿನ ಬೀದಿಯ ತಿರುವಿನಲ್ಲಿ ದೇವೀರಪ್ಪ ಸಿಮೆಂಟ್ ಗುಂಡಿಯೊಂದರ ಮುಚ್ಚಳವನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಾರೆ. ಕೈಯಲ್ಲಿರುವ ಕಬ್ಬಿಣದ ಸರಳಿನಿಂದ ಗುಂಡಿಯೊಳಗೆ ಎರಡು ಸಲ ತಟ್ಟುತ್ತಾರೆ. ಹಾವೋ ಚೇಳೋ ಇದ್ದರೆ ಸರಿದು ಹೋಗಲಿ ಎಂದು. ಆಮೇಲೆ ಸರಳಿನ ಬಾಯಿಯನ್ನು ವಾಲ್ವಿನ ತಲೆಗೆ ಕೂರಿಸಿ, ಮೇಲಿನ ಅಡ್ಡಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟದಿಂದಲೇ ತಿರುಗುತ್ತಾರೆ. ನೆಲದೊಳಗೆ ಗಾಳಿ ಸುಯ್ಯೆನ್ನುತ್ತದೆ. ಅದರ ಬೆನ್ನಿಗೇ ನೀರು.

“ಬಂದ್ಯೇನೋ ದೇವೀರ? ಇಷ್ಟೊತ್ತೂ ಯಾರಿಗೆ ಬುಟ್ಟಿದ್ದೆ, ನಿಮ್ಮಾವನ ಮನೆಗಾ?”

ಎದುರಿನ ಜಗಲಿಯಿಂದ ಕೇಳುತ್ತಿರುವವರು ರುದ್ರಮ್ಮ. ಎಂಬತ್ತು ದಾಟಿದ್ದಾರೆ. ನಲ್ಲಿಯ ಕೆಳಗೆ ಕೊಡ ಇಟ್ಟು, ಮೊಣಕಾಲಿನ ಮೇಲೆ ಕೈ ಊರಿ ಕೂತಿದ್ದಾರೆ.

“ನಮ್ಮಾವ ಹೋಗಿ ಇಪ್ಪತ್ತು ವರ್ಷ ಆಯ್ತು ಕಣಜ್ಜಿ. ಅವ್ನಿಗ್ಯಾತಕ್ಕೆ ನೀರು? ಕೊಡ ಸರಿಯಾಗಿ ಇಡು.”

“ಇಟ್ಟೇ ಐತೆ. ರಿಟೇರ್ ಆದ್ಮೇಲೆ ನಿಂಗೆ ಸೊಕ್ಕು ಜಾಸ್ತಿಯಾಗೈತೆ.”

ದೇವೀರಪ್ಪ ನಗುತ್ತಾರೆ. ಅಜ್ಜಿ ಹೇಳಿದ್ದರಲ್ಲಿ ಒಂದು ಮಾತು ನಿಜ. ಅವರು ನಿವೃತ್ತರಾಗಿ ವರ್ಷ ದಾಟಿದೆ. ಅರವತ್ತು ತುಂಬಿದ ತಿಂಗಳೇ ಪಂಚಾಯಿತಿ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ತಟ್ಟೆ ಕೊಟ್ಟು ಕಳಿಸಿದೆ. ಮರುದಿನ ಬೆಳಗಿನಿಂದ ಈ ಬೆಳಗಿನವರೆಗೆ ನೀರು ಬಿಡುತ್ತಿರುವವರೂ ಅವರೇ.

ಹಾರನಹಳ್ಳಿ ದಾಟಿ ಹಳೇಬೀಡಿನ ಕಡೆಗೆ ಹೋಗುವ ದಾರಿಯಿಂದ ಒಳಕ್ಕೆ ಸರಿದ ಊರಿದು. ಮುನ್ನೂರರ ಹತ್ತಿರ ಮನೆಗಳು, ಸುತ್ತ ತೆಂಗು, ಮಳೆ ಬಿದ್ದರೆ ರಾಗಿ. ಹಿಂದಿನ ಎರಡು ಕೊಳವೆಬಾವಿ ಬತ್ತಿವೆ. ಮೂರನೆಯದರ ನೀರು ಓವರ್‌ಹೆಡ್ ಟ್ಯಾಂಕಿಗೆ ಏರಿ, ಅಲ್ಲಿಂದ ಬೀದಿಗಳಿಗೆ ಇಳಿಯುತ್ತದೆ. ಮನೆಮನೆಗೂ ನಲ್ಲಿ ಬಂದಿದೆಯಾದರೂ ಎಲ್ಲ ನಲ್ಲಿಗೂ ಒಟ್ಟಿಗೆ ಬಿಡುವಷ್ಟು ನೀರಿಲ್ಲ. ಹಾಗಾಗಿ ಸರದಿ. ಒಂದು ದಿನ ಮೇಲಿನ ಬೀದಿ, ಮರುದಿನ ಕೆಳಗಿನ ಬೀದಿ, ಆಮೇಲೆ ತೋಟದ ಸಾಲು. ಮೂರು ಫೇಸ್ ಕರೆಂಟು ಯಾವಾಗ ಬರುತ್ತದೋ ಆಗ ಎದ್ದು ಹೋಗಿ ಮೋಟಾರು ಹಾಕಬೇಕು. ಟ್ಯಾಂಕು ತುಂಬುವವರೆಗೆ ಕಾಯಬೇಕು. ಪೈಪು ಒಡೆದರೆ ಅಗೆಯಬೇಕು. ಇಷ್ಟನ್ನೂ ಮಾಡುವವರಿಗೆ ಸರ್ಕಾರಿ ಕಾಗದದಲ್ಲಿ ನೀರುಗಂಟಿ ಎಂದು ಹೆಸರು. ಊರಿನವರ ಬಾಯಲ್ಲಿ ವಾಟರ್‌ಮನ್.

ದೇವೀರಪ್ಪ ಈ ಕೆಲಸಕ್ಕೆ ಸೇರಿದ್ದು ಮೂವತ್ತರ ವಯಸ್ಸಿನಲ್ಲಿ. ಅದಕ್ಕೂ ಮೊದಲು ಅರಸೀಕೆರೆಯ ಮಾರುಕಟ್ಟೆಯಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದರು. ಆರಂಭದ ವರ್ಷಗಳಲ್ಲಿ ಸಂಬಳ ತಿಂಗಳಿಗೊಮ್ಮೆ ಬರುತ್ತಿರಲಿಲ್ಲ. ಕಂದಾಯ ವಸೂಲಾದಾಗ ಬರುತ್ತಿತ್ತು. ಆಮೇಲೆ ವೇತನ ನಿಗದಿಯಾಯಿತು, ಬ್ಯಾಂಕಿಗೆ ಬರತೊಡಗಿತು. ಮೋಟಾರು ಎತ್ತುವಾಗ ಚೈನು ಜಾರಿ ಎಡಗೈಯ ಕಿರುಬೆರಳು ಜಜ್ಜಿಹೋಗಿದೆ. ಅದು ಈಗಲೂ ಮಡಚುವುದಿಲ್ಲ. ಬೇಸಿಗೆಯಲ್ಲಿ ಬೈಗುಳ ತಿನ್ನದ ದಿನವಿಲ್ಲ.

“ಬೈಯೋರು ಬೈಲಿ. ನೀರು ಬರ್ನಿಲ್ಲ ಅಂದ್ರೆ ಮೋಟ್ರಿಗೆ ಬೈಯಾಕಾಯ್ತದಾ? ಕೈಗೆ ಸಿಗೋನು ನಾನೊಬ್ನೇ,” ಎನ್ನುತ್ತಾರೆ ಅವರು.

ಸರದಿಯ ವಿಷಯದಲ್ಲಿ ಅವರು ಕಟ್ಟುನಿಟ್ಟು. ಅಧ್ಯಕ್ಷರ ಮನೆ ಎಂದು ಒಂದು ಗಳಿಗೆ ಹೆಚ್ಚು ಬಿಟ್ಟವರಲ್ಲ. ಮದುವೆ ಮನೆಯವರು ಕೇಳಿದರೆ ಟ್ಯಾಂಕರ್ ತರಿಸಿಕೊಳ್ಳಿ ಎನ್ನುತ್ತಾರೆ. ಸರದಿ ಮುರಿಯುವುದು ಒಂದೇ ಒಂದಕ್ಕೆ. ಯಾರಾದರೂ ಸತ್ತರೆ ಆ ಬೀದಿಯ ವಾಲ್ವನ್ನು ಆ ಗಳಿಗೆಯಲ್ಲೇ ತೆರೆಯುತ್ತಾರೆ.

“ಸುದ್ದಿ ಬಂದ ಕೂಡ್ಲೆ ತೆಗೀಬೇಕು. ಹೊತ್ತು ನೋಡಂಗಿಲ್ಲ, ಯಾರ ಮನೆ ಅಂತ ನೋಡಂಗಿಲ್ಲ. ಮೊದಲ್ನೇ ನೀರು ಸತ್ತೋರಿಗೆ, ಮೈ ತೊಳಿಯಾಕೆ. ಮಣ್ಣು ಮಾಡಿ ಜನ ವಾಪಸ್ ಬರೋ ಹೊತ್ಗೆ ಇನ್ನೊಂದು ಸಲ ಬುಡಬೇಕು. ಅದು ಮನೇಲಿ ಉಳಿದೋರಿಗೆ.”

ಇದು ಪಂಚಾಯಿತಿಯ ಯಾವ ನಿಯಮದಲ್ಲೂ ಇಲ್ಲ. ಹಿಂದೆ ಊರ ಬಾವಿಯಲ್ಲಿ ನೀರಿದ್ದಾಗ ನೆರೆಯವರು ತಲಾ ಒಂದು ಕೊಡ ಸೇದಿ ಸಾವಿನ ಮನೆಯ ಬಾಗಿಲಿಗೆ ತಂದಿಡುತ್ತಿದ್ದರು. ಬಾವಿ ಬತ್ತಿ ನಲ್ಲಿ ಬಂದಾಗ ಆ ನೆರೆಯವರೆಲ್ಲರ ಪಾಲಿನ ಕೆಲಸ ಒಬ್ಬ ನೀರುಗಂಟಿಯ ಕೈಗೆ ಬಂತು. ಅದರ ಇನ್ನೊಂದು ಮುಖವನ್ನು ಅವರ ಹೆಂಡತಿ ಸುವರ್ಣಮ್ಮ ಹೇಳುತ್ತಾರೆ: “ಕೆಲ್ಸಕ್ಕೆ ಸೇರಿದ್ಮೇಲೆ ಈ ಊರಲ್ಲಿ ಯಾರ ಸಾವಿನ ಮನೇಲೂ ಇವ್ರು ಕುಂತಿದ್ದಿಲ್ಲ. ಎಲ್ಲಾರೂ ಹೆಣದ ಮುಂದೆ ಇದ್ರೆ ಇವ್ರು ವಾಲ್ ಮುಂದೆ. ನಮ್ಮತ್ತೆ ಸತ್ತಾಗ್ಲೂ ಅಷ್ಟೇ. ಹೆತ್ತ ತಾಯಿ ಮುಖ ನೋಡಿದ್ದು ನೀರು ಬುಟ್ಟು ಬಂದ್ಮೇಲೆ.”

ಗ್ರಾಮ ಪಂಚಾಯಿತಿಯ ನೌಕರರಿಗೆ ಸರ್ಕಾರಿ ನೌಕರರಂತೆ ಪಿಂಚಣಿ ಇಲ್ಲ. ಅರವತ್ತಕ್ಕೆ ಕೆಲಸ ಮುಗಿದ ಮೇಲೆ ಕೈಗೆ ಬರುವ ದೊಡ್ಡ ಮೊತ್ತವೆಂದರೆ ಉಪದಾನ, ಅಂದರೆ ಗ್ರಾಚ್ಯುಟಿ. ಅದು ಒಂದೇ ಸಲ. ದೇವೀರಪ್ಪನವರ ಮನೆಯ ಪಕ್ಕದಲ್ಲಿ ಕಿಟಕಿಯ ಮಟ್ಟದವರೆಗೆ ಎದ್ದು ನಿಂತ ಹಾಲೋಬ್ಲಾಕ್ ಗೋಡೆಗಳಿವೆ. ಒಳಗೆ ಸದ್ಯ ಕರು ಕಟ್ಟಿದ್ದಾರೆ. ಉಪದಾನ ಬಂದರೆ ಅದಕ್ಕೆ ಶೀಟು ಹೊದಿಸಿ ರಾಗಿ ಬೀಸುವ ಹಿಟ್ಟಿನ ಗಿರಣಿ ಇಡುವುದು ಗಂಡಹೆಂಡಿರ ಯೋಚನೆ. ಊರಿನಲ್ಲಿ ಗಿರಣಿ ಇಲ್ಲ. ಹಿಟ್ಟಿಗೆ ಹಾರನಹಳ್ಳಿಗೆ ಹೋಗಬೇಕು. ಮೋಟಾರಿನ ಕೆಲಸ ದೇವೀರಪ್ಪನವರಿಗೆ ಗೊತ್ತು, ಜರಡಿ ಹಿಡಿಯುವುದು ಸುವರ್ಣಮ್ಮನವರಿಗೆ. ಮುಂದಿನ ದಿನಗಳ ಅನ್ನ ಅದರಲ್ಲಿದೆ.

ಉಪದಾನ ಯಾಕೆ ಬಂದಿಲ್ಲ ಎಂಬುದಕ್ಕೆ ಕಾರಣ ಅವರ ಕೈಯಲ್ಲೇ ಇದೆ. ಅದೇ ಕಬ್ಬಿಣದ ಸರಳು. ಊರಿನಲ್ಲಿ ಅದನ್ನು ವಾಲ್ ಕೀ ಎನ್ನುತ್ತಾರೆ.

ಬೀಳ್ಕೊಡುಗೆಯ ದಿನ ದೇವೀರಪ್ಪ ಮೋಟಾರು ಮನೆಯ ಬೀಗದಕೈಯನ್ನೂ ವಾಲ್ ಕೀಯನ್ನೂ ತೊಳೆದು ತಂದು ಪಂಚಾಯಿತಿಯ ಮೇಜಿನ ಮೇಲೆ ಇಟ್ಟರು. ಆಗ ಅಧ್ಯಕ್ಷರಾಗಿದ್ದವರು ರೇವಣಸಿದ್ದಪ್ಪ, ಜಗಲಿಯ ರುದ್ರಮ್ಮನವರ ಮಗ. ತೆಂಗಿನ ತೋಟ, ಕೊಬ್ಬರಿ ವ್ಯಾಪಾರ ಇರುವ ಮನೆ. ಭಾಷಣ ಮುಗಿದ ಮೇಲೆ ಅವರಿಗೆ ಏನನ್ನಿಸಿತೋ, ವಾಲ್ ಕೀಗೆ ಕುಂಕುಮ ಹಚ್ಚಿ, ಹಣ್ಣು ಮತ್ತು ಎಲೆ ಅಡಿಕೆಯ ತಟ್ಟೆಯ ಮೇಲೆ ಅಡ್ಡಲಾಗಿ ಇಟ್ಟು, “ಇದು ನಿಂದೇ ಕಣಯ್ಯ, ಊರಿನ ನೆನಪಿಗೆ ಇಟ್ಕೊ” ಎಂದು ಕೊಟ್ಟುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ಇದೆ.

“ಅವತ್ತಿನ ಖುಷೀಲಿ ಕೊಟ್ಬುಟ್ಟೆ. ಪಂಚಾಯ್ತಿ ಸ್ವತ್ತು ಅಂತ ಹೊಳೀಲೇ ಇಲ್ಲ,” ಎಂದು ರೇವಣಸಿದ್ದಪ್ಪ ಒಪ್ಪಿಕೊಳ್ಳುತ್ತಾರೆ.

ಹೊಸಬರು ಬರುವವರೆಗೆ ಎರಡು ತಿಂಗಳು ನೋಡಿಕೊಳ್ಳಿ ಎಂದು ಸದಸ್ಯರು ಕೇಳಿಕೊಂಡರು. ದೇವೀರಪ್ಪ ನೋಡಿಕೊಂಡರು. ಆ ಎರಡು ತಿಂಗಳಿಗೆ ಕೂಲಿಯೂ ಸಿಕ್ಕಿತು. ಆಮೇಲೆ ನಿವೃತ್ತರಿಗೆ ಕೂಲಿ ಹಾಕಿದ್ದಕ್ಕೆ ಆಡಿಟ್‌ನವರು ಆಕ್ಷೇಪಣೆ ಬರೆದರು, ಕೂಲಿ ನಿಂತಿತು. ನೇಮಕಾತಿ ಆಗಲಿಲ್ಲ. ಅಧ್ಯಕ್ಷರ ಅವಧಿ ಮುಗಿಯಿತು, ಅಭಿವೃದ್ಧಿ ಅಧಿಕಾರಿ ವರ್ಗವಾದರು. ನಂತರ ಬಂದ ಅಧಿಕಾರಿ ಉಪದಾನದ ಕಡತ ತೆಗೆದು ನೋಡಿದಾಗ ಬೇಬಾಕಿ ಪತ್ರವೇ ಇರಲಿಲ್ಲ. ಪಂಚಾಯಿತಿಯ ಯಾವ ಸ್ವತ್ತೂ ಇವರ ಬಳಿ ಉಳಿದಿಲ್ಲ, ಚಾರ್ಜ್ ಒಪ್ಪಿಸಿದ್ದಾರೆ ಎಂದು ಅದರಲ್ಲಿ ಬರೆದುಕೊಡಬೇಕು.

“ನಾನೇನು ಅವರ ವಿರೋಧಿಯಲ್ಲ,” ಎಂದು ಹೆಸರು ಬರೆಯಬೇಡಿ ಎಂಬ ಷರತ್ತಿನ ಮೇಲೆ ಆ ಅಧಿಕಾರಿ ಹೇಳುತ್ತಾರೆ. “ಚಾರ್ಜ್ ಒಪ್ಪಿಸಿದ್ದಾರೆ ಅಂತ ಸಹಿ ಹಾಕಿ ಆಚೆ ಬಂದ್ರೆ ಬೀದೀಲಿ ಅವರೇ ವಾಲ್ವ್ ತಿರುಗಿಸ್ತಿರ್ತಾರೆ. ಕೇಳೋರಿಗೆ ಏನ್ ಹೇಳ್ಲಿ? ಆ ಕೀ ವಾಪಸ್ ಕೊಡಿ ಅಂತ ನಾಲ್ಕು ಸಲ ಕೇಳಿದೆ. ಕೊಡಲ್ಲ ಅಂತಾರೆ.”

ಕೊಡದಿರುವುದಕ್ಕೆ ದೇವೀರಪ್ಪನವರ ಬಳಿ ಎರಡು ಕಾರಣಗಳಿವೆ. ಮೊದಲನೆಯದು ಯಾರಿಗಾದರೂ ಅರ್ಥವಾಗುವಂಥದ್ದು. ತೆಗೆದುಕೊಳ್ಳುವವರಿಲ್ಲದೆ ಕಚೇರಿಯ ಬೀರುವಿನಲ್ಲಿ ಇಟ್ಟುಬಂದರೆ ಬೆಳಗಾದರೆ ನೀರಿಲ್ಲ. ಅಧಿಕಾರಿ ಅರಸೀಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಹೊಸದೊಂದು ಮಾಡಿಸಿ ತಂದದ್ದೂ ಆಯಿತು. ಸವೆದ ವಾಲ್ವಿನ ತಲೆಗೆ ಅದು ಕೂರದೆ ಜಾರಿತು. ಎರಡನೆಯ ಕಾರಣವನ್ನು ಅವರು ದನಿ ತಗ್ಗಿಸಿ ಹೇಳುತ್ತಾರೆ.

“ತಾಂಬೂಲದ ಜೊತೆ ಬಂದಿದ್ದು ಸ್ವಾಮಿ. ನಾಕು ಜನದ ಮುಂದೆ ಕುಂಕುಮ ಹಚ್ಚಿ ಕೊಟ್ರು. ಅದನ್ನ ವಾಪಸ್ ತಗಂಡೋಗಿ ಮೇಜಿನ ಮೇಲೆ ಕುಕ್ಕಿದ್ರೆ ಕೊಟ್ಟೋರ ಮರ್ಯಾದೆ ಏನಾಯ್ತದೆ? ಅಧ್ಯಕ್ಷರೊಬ್ರೇ ಕೊಟ್ಟಿದ್ದಾಗಿದ್ರೆ ಮಾತು ಬೇರೆ. ಕೊಟ್ಟಿದ್ದು ಊರು.”

ರೇವಣಸಿದ್ದಪ್ಪ ಸ್ವತಃ ಬಂದು, ಕೊಟ್ಟವನು ನಾನೇ, ವಾಪಸ್ ಕೊಡು ಎಂದರೂ ಅವರು ಜಗ್ಗಲಿಲ್ಲ. ಹೀಗೆ ಊರು ಸನ್ಮಾನ ಮಾಡಿ ಕೊಟ್ಟ ಸರಳೇ ಊರು ಕೊಡಬೇಕಾದ ಉಪದಾನಕ್ಕೆ ಅಡ್ಡ ನಿಂತಿತು. ಕೂಲಿಯಿಲ್ಲದೆ ಒಂದು ವರ್ಷದ ಮೇಲೆ ಕಳೆಯಿತು. ಕೆಲವು ಮನೆಯವರು ರಾಗಿ ಕೊಟ್ಟರು, ಕೆಲವರು ತೆಂಗಿನಕಾಯಿ. ಗಿರಣಿಯ ಗೋಡೆ ಕಿಟಕಿಯ ಮಟ್ಟದಿಂದ ಮೇಲೇಳಲಿಲ್ಲ.

ಗಂಟು ಬಿಡಿಸಿದವರು ಸುವರ್ಣಮ್ಮ.

ಪಂಚಾಯಿತಿಯ ಕಸದ ಗಾಡಿ ಓಡಿಸುವ ಇಂದು ಎಂಬವರಿದ್ದಾರೆ. ಮೂವತ್ತನಾಲ್ಕರ ವಯಸ್ಸು, ಕೆಳಗಿನ ಬೀದಿಯ ಸೊಸೆ. ಸ್ವಸಹಾಯ ಸಂಘದ ಮೂಲಕ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡವರು. ನೀರಿನ ಕೆಲಸವನ್ನೂ ತಾತ್ಕಾಲಿಕವಾಗಿ ಇವರಿಗೇ ವಹಿಸಬಹುದೆಂದು ಪಂಚಾಯಿತಿ ಸಭೆ ತೀರ್ಮಾನಿಸಿತು. ಹೆಂಗಸಿನ ಕೈಯಲ್ಲಿ ವಾಲ್ವ್ ತಿರುಗೀತೇ ಎಂದು ಒಬ್ಬರು ಕೇಳಿದರಂತೆ. “ನಿಮ್ಮ ಮನೆ ಕಸ ತುಂಬಿದ ಗಾಡೀನೇ ತಿರುಗಿಸ್ತೀನಿ, ಇದ್ಯಾವ ಲೆಕ್ಕ ಬುಡಿ,” ಎಂದು ಇಂದು ಅಂದದ್ದಕ್ಕೆ ಸಭೆಯಲ್ಲಿ ನಗು. ಒಂದು ತಿಂಗಳು ಅವರು ಬೆಳಗಿನ ಜಾವ ದೇವೀರಪ್ಪನವರ ಜೊತೆ ಬೀದಿ ಸುತ್ತಿದರು. ಕಲಿತರು. ಆದರೂ ಕೀ ಮಾತ್ರ ಸಂಜೆ ದೇವೀರಪ್ಪನವರ ಮನೆಗೇ ಮರಳುತ್ತಿತ್ತು.

“ಹಿಂದಕ್ಕೆ ಕೊಡಬಾರ್ದು ತಾನೆ? ಮುಂದಕ್ಕೆ ಕೊಡಿ,” ಎಂದರಂತೆ ಒಂದು ದಿನ ಸುವರ್ಣಮ್ಮ.

ದೇವೀರಪ್ಪ ಅದನ್ನು ಎರಡು ದಿನ ಯೋಚಿಸಿದರು. ಮುಂದಿನ ಸೋಮವಾರ ಇಂದು ಅವರನ್ನು ಮನೆಗೆ ಕರೆದರು. ಸುವರ್ಣಮ್ಮ ಅರಿಶಿನ ಕುಂಕುಮ ಕೊಟ್ಟು, ರವಿಕೆ ಬಟ್ಟೆ, ಎಲೆ ಅಡಿಕೆ, ಬಾಳೆಹಣ್ಣು ಇಟ್ಟ ತಟ್ಟೆಯ ಮೇಲೆ ವಾಲ್ ಕೀಯನ್ನು ಅಡ್ಡಲಾಗಿ ಇಟ್ಟು ಮಡಿಲಿಗೆ ನೀಡಿದರು. ಕರೆದದ್ದಕ್ಕೆ ರೇವಣಸಿದ್ದಪ್ಪನೂ ಬಂದಿದ್ದರು. ಅಧಿಕಾರಿಯೂ ಬಂದರು. ಅದನ್ನು ಇಂದು ಅವರೇ ಪಂಚಾಯಿತಿ ಕಚೇರಿಗೆ ಒಯ್ದು, ದಾಸ್ತಾನು ಪುಸ್ತಕದಲ್ಲಿ ತಮ್ಮ ಹೆಸರಿಗೆ ಬರೆಸಿಕೊಂಡರು. ಸಂಜೆಯೊಳಗೆ ಬೇಬಾಕಿ ಪತ್ರಕ್ಕೆ ಸಹಿ ಬಿತ್ತು.

“ಕೈ ಹಗುರಾಯ್ತಾ?” ಎಂದು ಹೆಂಡತಿ ಕೇಳಿದ್ದಕ್ಕೆ ದೇವೀರಪ್ಪ, “ಹಗುರಾಗಿಲ್ಲ, ಬರಿದಾಗೈತೆ,” ಎಂದರು.

ಸಹಿ ಬಿದ್ದರೂ ಊರು ಬದಲಾಗಲಿಲ್ಲ. ನೀರು ತಡವಾದರೆ ಫೋನು ಬರುತ್ತಿದ್ದುದು ದೇವೀರಪ್ಪನವರಿಗೇ. ಅವರು ಎದ್ದು ಹೋಗಿ ಇಂದು ಅವರ ಪಕ್ಕ ನಿಲ್ಲುತ್ತಿದ್ದರು. ಒಂದೆರಡು ಸಲ ಕೀ ಈಸಿಕೊಂಡು ತಾವೇ ತಿರುಗಿಸಿದ್ದನ್ನು ಅಧಿಕಾರಿ ಕಂಡರು. “ನಿಮ್ಮ ಉಪದಾನಕ್ಕೆ ಒಪ್ಪಿಗೆ ಕೊಡೋ ಸಭೆ ಇನ್ನೂ ಆಗಿಲ್ಲ. ಹಿಂಗೇ ಮಾಡಿದ್ರೆ ನಾನು ಕೊಟ್ಟಿರೋ ಪತ್ರ ಸುಳ್ಳು ಅಂತಾಗುತ್ತೆ. ನಿಮ್ಮ ಕಡತ ಮತ್ತೆ ವಾಪಸ್ ಬರುತ್ತೆ,” ಎಂದು ಎಚ್ಚರಿಸಿದರು.

ಅದೇ ತಿಂಗಳ ಕೊನೆಯ ಬುಧವಾರ ಬೆಳಗಿನ ಜಾವ ರುದ್ರಮ್ಮ ತೀರಿಕೊಂಡರು. ಹಿಂದಿನ ದಿನ ಜಗಲಿಯಲ್ಲಿ ಕೂತು ಊಟ ಮಾಡಿದ್ದ ಜೀವ, ನಿದ್ದೆಯಲ್ಲೇ ಹೋಯಿತು. ಅಂದು ನೀರಿನ ಸರದಿ ತೋಟದ ಸಾಲಿನದು. ಮುಂದೆ ನಡೆದದ್ದನ್ನು ದೇವೀರಪ್ಪನೂ ಇಂದುವೂ ಬೇರೆ ಬೇರೆಯಾಗಿ ಹೇಳುತ್ತಾರೆ. ಒಂದು ಸಂಗತಿಯ ಹೊರತು ಎರಡೂ ಹೊಂದುತ್ತವೆ.

ರೇವಣಸಿದ್ದಪ್ಪ ಫೋನು ಮಾಡಿದ್ದು ದೇವೀರಪ್ಪನವರಿಗೆ. “ಅವ್ವ ಹೋಗ್ಬುಟ್ಲು ಕಣ್ಲಾ ದೇವೀರ. ನೀರು ಬುಡು.”

ದೇವೀರಪ್ಪ ಆಗಲೇ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡಿದ್ದರು. ಕೈ ಬಾಗಿಲ ಮೂಲೆಗೆ ಹೋಯಿತು. ಅಷ್ಟು ವರ್ಷ ಕೀ ಒರಗಿಸಿಡುತ್ತಿದ್ದ ಜಾಗ ಅದು. ಅಲ್ಲಿ ಏನೂ ಇರಲಿಲ್ಲ.

“ಅಣ್ಣಾ, ಇಂದೂಗೆ ಫೋನ್ ಮಾಡಿ,” ಎಂದರು.

“ಏನಂದೆ?”

“ಕೀ ಅವಳ ಹತ್ರ ಐತೆ. ನೀವೇ ಮಾಡಿ. ನಾನ್ ಹೇಳಿದ್ರೆ ಊರು ನಾಳೀಕೂ ನನ್ನೇ ಕರೀತದೆ.”

“ನಮ್ಮವ್ವ ಸತ್ತವ್ಳೆ, ನೀನು ನಂಗೆ ರೂಲು ಹೇಳ್ತೀಯೇನ್ಲಾ?” ರೇವಣಸಿದ್ದಪ್ಪ ರೇಗಿ ಫೋನು ಕಟ್ ಮಾಡಿದರು.

ದೇವೀರಪ್ಪ ಜಗಲಿಯ ಮೇಲೆ ಕೂತರು. ಸುವರ್ಣಮ್ಮ ಒಳಗಿನಿಂದ ಚಾಪೆ ತಂದು ಪಕ್ಕದಲ್ಲಿ ತಾವೂ ಕೂತರು. “ಅಜ್ಜಿ ನಂಗೆ ಬೈದಷ್ಟು ಇನ್ಯಾರ್ಗೂ ಬೈದಿಲ್ಲ. ಆವಮ್ಮಂಗೆ ಒಂದು ಕೊಡ ನೀರು ಬುಡಾಕಾಗ್ದೆ ಕುಂತಿದ್ದೆ ನೋಡಿ,” ಎಂದು ಆ ಹೊತ್ತನ್ನು ದೇವೀರಪ್ಪ ನೆನೆಯುತ್ತಾರೆ.

ಸ್ವಲ್ಪ ಹೊತ್ತಿಗೆ ಕೆಳಗಿನ ಬೀದಿಯಿಂದ ಟಾರ್ಚಿನ ಬೆಳಕು ಬಂತು. ಹೆಗಲ ಮೇಲೆ ಕೀ ಹೊತ್ತ ಇಂದು ದೇವೀರಪ್ಪನವರ ಮನೆಯ ಮುಂದೆಯೇ ಹಾದುಹೋದರು. ರೇವಣಸಿದ್ದಪ್ಪ ಕೊನೆಗೆ ಅವರಿಗೇ ಫೋನು ಮಾಡಿದ್ದರು.

ಹೊಂದದ ಸಂಗತಿ ಇದು. ಗಾಬರಿಯಲ್ಲಿ ತಾನು ಮೊದಲು ತೋಟದ ಸಾಲಿನ ವಾಲ್ವನ್ನೇ ತೆರೆದೆ, ಆಮೇಲೆ ಮುಚ್ಚಿ ಓಡಿಬಂದು ಮೇಲಿನ ಬೀದಿಯದ್ದು ತೆರೆದೆ ಎಂದು ಇಂದು ಹೇಳುತ್ತಾರೆ. ದೇವೀರಪ್ಪನವರನ್ನು ಕೇಳಿದರೆ, “ಅಂಥದ್ದೇನೂ ಆಗ್ಲಿಲ್ಲ. ನೆಟ್ಟಗೆ ಬಂದ್ಲು, ನೆಟ್ಟಗೆ ತೆಗೆದ್ಲು,” ಎನ್ನುತ್ತಾರೆ.

ನೆಲದೊಳಗೆ ಗಾಳಿ ನುಗ್ಗಿದ ಸದ್ದು ಕೇಳಿದ ಮೇಲೆ ದೇವೀರಪ್ಪ ಎದ್ದು, ಮುಖ ತೊಳೆದು, ಹೆಂಡತಿಯೊಡನೆ ಸಾವಿನ ಮನೆಗೆ ಹೊರಟರು. ರುದ್ರಮ್ಮನವರ ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಅವರ ಎದುರು ಜನರ ನಡುವೆ ದೇವೀರಪ್ಪ ಚಕ್ಕಳಮಕ್ಕಳ ಹಾಕಿ ಕೂತರು. ರೇವಣಸಿದ್ದಪ್ಪ ನೋಡಿದರು. ತಮ್ಮ ಪಕ್ಕದವರನ್ನು ಒಂದಿಷ್ಟು ಸರಿಸಿ ಜಾಗ ಮಾಡಿ ಕೈಸನ್ನೆಯಲ್ಲಿ ಕರೆದರು. ಹೆಣ ಎತ್ತುವವರೆಗೂ ದೇವೀರಪ್ಪ ಅಲ್ಲೇ ಕೂತಿದ್ದರು. ತೋಟದಲ್ಲಿ ಮಣ್ಣು ಮಾಡಿ ಜನ ಮರಳುವ ಹೊತ್ತಿಗೆ ಬೀದಿಯ ನಲ್ಲಿಗಳಲ್ಲಿ ಎರಡನೆಯ ಸಲ ನೀರು ಬರುತ್ತಿತ್ತು. ಯಾರೂ ಇಂದು ಅವರಿಗೆ ನೆನಪಿಸಿರಲಿಲ್ಲ.

ಕಳೆದ ವಾರದ ಪಂಚಾಯಿತಿ ಸಭೆ ದೇವೀರಪ್ಪನವರ ಉಪದಾನಕ್ಕೆ ಒಪ್ಪಿಗೆ ಕೊಟ್ಟಿದೆ. ಚೆಕ್ ಇನ್ನೂ ಕೈಗೆ ಬಂದಿಲ್ಲ. ಈ ತಿಂಗಳೊಳಗೆ ಎಂದು ಅಧಿಕಾರಿ ಹೇಳಿದ್ದಾರೆ. ಕೂಲಿಯಿಲ್ಲದೆ ದುಡಿದ ತಿಂಗಳುಗಳಿಗೆ ಮಾತ್ರ ಲೆಕ್ಕವಿಲ್ಲ, ಅದನ್ನು ಕೇಳುವ ಮನಸ್ಸು ಅವರಿಗೂ ಇಲ್ಲ. ಗಿರಣಿಯ ಕೋಣೆಯಿಂದ ಕರುವನ್ನು ಬಿಚ್ಚಿ ಆಚೆ ಕಟ್ಟಿದ್ದಾರೆ. ಊರಿನ ಮೇಸ್ತ್ರಿ ಬಂದು ಗೋಡೆ ಅಳೆದು ಹೋಗಿದ್ದಾರೆ.

ಈಗಲೂ ಅವರಿಗೆ ಬೆಳಗಿನ ಜಾವ ಎಚ್ಚರವಾಗುತ್ತದೆ. ಜಗಲಿಯಲ್ಲಿ ಕೂತು ಯಾವ ಬೀದಿಗೆ ನೀರು ಹೋಯಿತೆಂದು ಸದ್ದಿನಲ್ಲೇ ತಿಳಿಯುತ್ತಾರೆ. ಆ ದಾರಿಯಲ್ಲಿ ಬರುವ ಇಂದುವಿಗೆ ಒಂದು ಲೋಟ ಕಾಫಿ ಇರುತ್ತದೆ. ಮೇಲಿನ ಬೀದಿಯ ಜಗಲಿ ಖಾಲಿಯಾಗಿದೆ. ಬೈಯುವವರಿಲ್ಲದೆ ಬೇಜಾರು ಎಂಬುದು ಇಂದು ಅವರ ದೂರು.

ಇನ್ನೇನು ಆಸೆಯಿದೆ ಎಂದು ಕೇಳಿದರೆ ದೇವೀರಪ್ಪ ಗಿರಣಿಯ ಮಾತು ಎತ್ತುವುದಿಲ್ಲ. ಕಾಫಿ ಕುಡಿಯುತ್ತಿರುವ ಇಂದು ಅವರ ಕಡೆ ನೋಡುತ್ತಾರೆ.

“ಕೆಲ್ಸದಲ್ಲಿದ್ದಾಗ ನಂಗೊಂದು ಯೋಚ್ನೆ ಇತ್ತು. ಊರಿಗೆಲ್ಲ ನಾನು ಬುಡ್ತೀನಿ, ನಾನು ಸತ್ತ ದಿನ ನಮ್ಮ ಬೀದಿಗೆ ಬುಡೋರ್ಯಾರು ಅಂತ.”

“ಅದಕ್ಕಿನ್ನೂ ಬೇಜಾನ್ ಟೈಮ್ ಐತೆ ಕಣ್ ಮಾವ. ಮೊದ್ಲು ಮಿಲ್ ಹಾಕಿ, ರಾಗಿ ತಂದಿಟ್ಟಿದೀನಿ,” ಎಂದು ಇಂದು ಲೋಟ ಕೆಳಗಿಟ್ಟು ಏಳುತ್ತಾರೆ.

“ಹಾಕಾನ. ಆದ್ರೂ ಒಂದ್ಸಲ ಹೇಳಿರ್ತೀನಿ, ಕೇಳ್ಕೊ. ಮೊದಲ್ನೇ ನೀರು ತಡ ಆದ್ರೂ ಪರ್ವಾಗಿಲ್ಲ, ನಾನೇನೂ ಬೈಯಾಕಿಲ್ಲ.” ಒಳಗೆ ಒಲೆಯ ಮುಂದೆ ಕೂತ ಸುವರ್ಣಮ್ಮನವರ ಕಡೆ ಅವರು ಕಣ್ಣು ಹಾಯಿಸುತ್ತಾರೆ. “ಎರಡನೇದು ಮಾತ್ರ ಹೊತ್ಗೆ ಸರಿಯಾಗಿ ಬುಡವ್ವ.”